ಕಪಾಟಿನಿಂದ ಕ್ಯಾನ್ವಾಸಿಗೆ

ಮುಂಬಯಿ ಹತ್ತಿರದ ಕಲ್ಯಾಣಕ್ಕೆ ರೈಲು ಬಂದದ್ದು 1854ರಲ್ಲಿ. ಹತ್ತು ವರ್ಷ ಕಳೆದು 1864ರಲ್ಲಿ ಅಲ್ಲಿ ಸಾರ್ವಜನಿಕ ವಾಚನಾಲಯವೂ ಆಯಿತು. ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರದ್ದು. ಮುಂಬಯಿಯ ಕಾಳಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಬಾಗಿಲು ತೆರೆದದ್ದಾದರೋ 1952ರಲ್ಲಿ. ಪುಸ್ತಕ ಮನೆ ಹತ್ತಿರವೇ ಸಿಕ್ಕಿತು, ಚಿತ್ರ ನೋಡಲು ನಮ್ಮ ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಬೇಕಾಯಿತು. ಓದಿನಿಂದ ಹುಟ್ಟಿದ ಅಮೂರ್ತ ತೈಲಚಿತ್ರಗಳು ನನ್ನನ್ನು ಹಿಡಿದದ್ದು ಈ ಓಡಾಟದಲ್ಲೇ.

ಚಿತ್ರದೊಳಗೆ ಪುಸ್ತಕ ಮೊದಲು ಬಂದದ್ದು ಕಥೆಯಾಗಿ. ರವಿವರ್ಮನ ಶಕುಂತಲೆ ಕಾಲಿಗೆ ಮುಳ್ಳು ಚುಚ್ಚಿದ ನೆಪ ಮಾಡಿ ಹಿಂದಿರುಗಿ ನೋಡುತ್ತಾಳೆ. ನಾಟಕ ಓದದವರಿಗೂ ಪ್ರಸಂಗ ತಿಳಿಯುತ್ತದೆ. ಅದೇ ಶಾಕುಂತಲವನ್ನು ಮುಂಬಯಿಯ ಅಕ್ಬರ್ ಪದಮ್ಸೀ ಓದಿದ ಬಗೆಯೇ ಬೇರೆ. ನಾಂದಿಯಲ್ಲಿ ಶಿವನ ಎಂಟು ರೂಪಗಳ ಸ್ತುತಿಯಿದೆಯಲ್ಲ, ಅಲ್ಲಿ ಸೂರ್ಯಚಂದ್ರರು ತಮ್ಮ ಹೆಸರು ಹೇಳಿಸಿಕೊಳ್ಳದೆ, ಕಾಲವನ್ನು ನಡೆಸುವ ಇಬ್ಬರಾಗಿ ಬರುತ್ತಾರೆ. ಪದಮ್ಸೀ ಆ ಮಾತನ್ನು ಬಿಡಲಿಲ್ಲ. 1970ರ ದಶಕದ ಅವರ ‘ಮೆಟಾಸ್ಕೇಪ್’ಗಳಲ್ಲಿ ಸೂರ್ಯ, ಚಂದ್ರ ಒಂದೇ ಆಕಾಶದಲ್ಲಿ ನಿಲ್ಲುತ್ತಾರೆ. ಕೆಳಗೆ ಯಾವ ಊರಿನದೂ ಅಲ್ಲದ ನೆಲ, ನೀರು, ಬೆಟ್ಟ. ಪ್ಯಾಲೆಟ್ ನೈಫಿನಿಂದ ಮೆತ್ತಿದ ದಪ್ಪ ಬಣ್ಣ. ಶಕುಂತಲೆಯ ಸುಳಿವೇ ಇಲ್ಲ, ಆದರೂ ಕಾಳಿದಾಸ ಪೂರ್ತಿ ಇದ್ದಾನೆ. ನನ್ನ ಮಟ್ಟಿಗೆ ಈ ಪರಂಪರೆಯ ದೊಡ್ಡ ತಿರುವು ಇದೇ.

ಅದಕ್ಕೂ ಮೊದಲೇ, 1963ರಲ್ಲಿ, ಮದ್ರಾಸಿನ ಕೆ.ಸಿ.ಎಸ್. ಪಣಿಕ್ಕರ್ ‘ಪದಗಳು ಮತ್ತು ಚಿಹ್ನೆಗಳು’ ಸರಣಿ ಆರಂಭಿಸಿದ್ದರು. ಜಾತಕದ ಮನೆಗಳು, ಗಣಿತದ ಗುರುತುಗಳು, ಮಲಯಾಳವನ್ನು ಹೋಲುವ ಅಕ್ಷರಸಾಲು. ಓದಲು ಹೋದರೆ ಏನೂ ದಕ್ಕದು. ಅಜ್ಜನ ತಾಳೆಗರಿಯ ಕಟ್ಟು ಬಿಚ್ಚಿದ ಮಗು ನೋಡುವಂತೆ ನೋಡಬೇಕು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಕುಣಿತವನ್ನೂ ಹಾಡನ್ನೂ ಗೆರೆಗೆ ಇಳಿಸಿದವರು, ಅವರದು ಬೇರೆ ದಾರಿ. ಚಿತ್ರಕಾರ ಪ್ರಭಾಕರ ಬರ್ವೆಯವರು 1990ರಲ್ಲಿ ಮರಾಠಿಯಲ್ಲಿ ‘ಕೋರಾ ಕ್ಯಾನ್ವಾಸ್’ ಬರೆದು, ಚಿತ್ರದ ಮಾತನ್ನೇ ಪುಸ್ತಕದ ಕಪಾಟಿಗೆ ತಂದರು.

ಕಪಾಟನ್ನೇ ಚಿತ್ರವಾಗಿಸಿದವರು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಪೋರ್ಚುಗಲ್ ಮೂಲದ ಮರಿಯಾ ಹೆಲೆನಾ ವಿಯೆರಾ ದ ಸಿಲ್ವಾ. 1949ರ ಅವರ ‘ಗ್ರಂಥಾಲಯ’ದಲ್ಲಿ ಸಣ್ಣ ಸಣ್ಣ ಚೌಕಗಳು, ಒಳಗೊಳಗೇ ಸರಿಯುವ ಸಾಲುಗಳು. ಒಂದು ಪುಸ್ತಕದ ಹೆಸರೂ ಕಾಣದು, ಗ್ರಂಥಾಲಯದೊಳಗೆ ದಾರಿ ತಪ್ಪುವ ಸುಖ ಮಾತ್ರ ಸಿಗುತ್ತದೆ.

ಇಂಥ ಚಿತ್ರಕ್ಕೆ ಬೇಕಾದದ್ದೆಲ್ಲ ನಮ್ಮ ಊರುಗಳಲ್ಲಿದೆ. ಜುಲೈ ಮಳೆಗೆ ರಟ್ಟುಗಳು ಉಬ್ಬಿ ಕಪಾಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ರಟ್ಟಿನ ಕೆಂಪು ಕ್ಯಾಲಿಕೋ ಬಟ್ಟೆ ಬಣ್ಣ ಬಿಟ್ಟು ಪಕ್ಕದ ಪುಸ್ತಕಕ್ಕೆ ಹತ್ತುತ್ತದೆ. ನೆರೂಳಿನಲ್ಲೋ ಡೊಂಬಿವಲಿಯಲ್ಲೋ ಯಾವುದೇ ಕನ್ನಡ ಮನೆಗೆ ಹೋಗಿ, ಮಕ್ಕಳ ಮರಾಠಿ ಪಠ್ಯ, ಅಪ್ಪನ ಕನ್ನಡ ಕಾದಂಬರಿ ಒಂದೇ ಹಲಗೆಯ ಮೇಲಿರುತ್ತವೆ. ಅದನ್ನು ಯಾರಾದರೂ ಎಣ್ಣೆಬಣ್ಣದಲ್ಲಿ ಬರೆಯಬೇಕೆಂದು ನನ್ನ ಆಸೆ. ಕನ್ನಡಕ ತೆಗೆದು ನಮ್ಮ ಕಪಾಟಿನ ಮುಂದೆ ನಿಂತರೆ ಶೀರ್ಷಿಕೆಗಳು ಕರಗುತ್ತವೆ: ದೇವನಾಗರಿಯ ನೇರ ತಲೆಗೆರೆಗಳು, ಅವುಗಳ ನಡುವೆ ನಮ್ಮ ದುಂಡಕ್ಷರಗಳು.