ಮೇದೋಜೀರಕದ ಅರ್ಬುದ: ಕಿರಣ ಮತ್ತು ಔಷಧಗಳ ಸಂಯೋಗ

ಜಠರದ ಹಿಂದೆ, ಬೆನ್ನೆಲುಬಿನ ಸಮೀಪದಲ್ಲಿ ಅಡಗಿರುವ ಮೇದೋಜೀರಕ ಗ್ರಂಥಿಗೆ ಅರ್ಬುದವು ತಗುಲಿದರೆ ಅದು ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಕಾಮಾಲೆಯೋ ಬೆನ್ನುನೋವೋ ಕಾಣಿಸಿ ರೋಗಿಯು ವೈದ್ಯನಲ್ಲಿಗೆ ಬರುವಷ್ಟರಲ್ಲಿ ಅದರ ಬೀಜಗಳು ಯಕೃತ್ತಿಗೋ ಶ್ವಾಸಕೋಶಕ್ಕೋ ಸೇರಿಬಿಟ್ಟಿರುವುದೇ ಹೆಚ್ಚು. ಹೀಗೆ ಹರಡಿದ ಮೇಲೆ ಕಿರಣದಿಂದ ನೋವನ್ನು ಶಮನಗೊಳಿಸಬಹುದಲ್ಲದೆ ರೋಗವನ್ನು ತಡೆಯಲಾಗದೆಂಬ ಮತವು ವೈದ್ಯರಲ್ಲಿ ರೂಢಮೂಲವಾಗಿತ್ತು. ಅದು ಸಡಿಲಗೊಂಡ ಬಗೆಯನ್ನು ಇಲ್ಲಿ ನಿರೂಪಿಸುವೆವು.

ರಾಂಟ್‌ಗೆನ್ ಪಂಡಿತನು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದುದು ವಾಚಕರಿಗೆ ವಿದಿತವೇ ಇದೆ. ಈ ರೋಗದಲ್ಲಿ ಕಿರಣಕ್ಕೆ ಜೊತೆಯಾಗಬಲ್ಲ ಔಷಧವು ದೊರೆಯಲು ಅರುವತ್ತು ವರ್ಷಗಳಿಗೂ ಮಿಗಿಲಾಗಿ ಕಾಯಬೇಕಾಯಿತು. 1957ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹೈಡಲ್‌ಬರ್ಗರ್ ಮತ್ತು ಸಂಗಡಿಗರು ಫ್ಲೂರೊಯುರಾಸಿಲ್ ಎಂಬ ಮದ್ದನ್ನು ಪ್ರಕಟಿಸಿದರು. ಅರ್ಬುದದ ಜೀವಕೋಶವು ಇದನ್ನು ತನಗೆ ಬೇಕಾದ ಸಾಮಗ್ರಿಯೆಂದು ಭ್ರಮಿಸಿ ಒಳಗೆ ಸೇರಿಸಿಕೊಂಡು ಕೆಡುತ್ತದೆ. 1969ರಲ್ಲಿ ಮೇಯೊ ಚಿಕಿತ್ಸಾಲಯದ ಮೊರ್ಟೆಲ್ ಮತ್ತಿತರರು, ಶಸ್ತ್ರಕ್ಕೆ ಎಟುಕದಿದ್ದರೂ ದೂರಕ್ಕೆ ಹರಡದ ರೋಗದಲ್ಲಿ, ಕಿರಣವೊಂದಕ್ಕಿಂತ ಈ ಸಂಯೋಗವೇ ಮೇಲೆಂದು ತೋರಿಸಿದರು.

ಹರಡಿದವರ ಗತಿ ಮಾತ್ರ ಬದಲಾಗಲಿಲ್ಲ. 1997ರ ಪರೀಕ್ಷೆಯಲ್ಲಿ ಜೆಮ್‌ಸಿಟಾಬಿನ್ ಪಡೆದವರ ಮಧ್ಯಮ ಆಯುಸ್ಸು 5.65 ತಿಂಗಳು, ಹಳೆಯ ಮದ್ದಿನವರದು 4.41. ಇಷ್ಟಕ್ಕೇ ಹರ್ಷವೇ ಎಂದು ನಗುವವರು ಆ ಒಂದು ತಿಂಗಳ ಬೆಲೆಯನ್ನು ರೋಗಿಯ ಮನೆಯವರಲ್ಲಿ ವಿಚಾರಿಸಲಿ. 2011ರಲ್ಲಿ ಫ್ರಾನ್ಸಿನವರು ಹಲವು ಮದ್ದುಗಳನ್ನು ಕೂಡಿಸಿ 11.1 ತಿಂಗಳಿಗೆ ಏರಿಸಿದರು. ಜೆಮ್‌ಸಿಟಾಬಿನ್ ಒಂದನ್ನೇ ಪಡೆದವರದು ಆಗ 6.8. ಕಣ್ಣಿಗೆ ಬೀಳದ ಬೀಜಗಳನ್ನು ಔಷಧವು ತುಸುಕಾಲವಾದರೂ ಹಿಡಿದಿಟ್ಟುದರಿಂದಲೇ, ಕಾಣುವ ಗಂಟುಗಳನ್ನು ಕಿರಣದಿಂದ ಸುಡುವುದಕ್ಕೆ ಅರ್ಥ ಬಂದಿತೆಂದು ನಮ್ಮ ಅಭಿಪ್ರಾಯ.

ಕಿರಣವೂ ಈ ನಡುವೆ ಸೂಕ್ಷ್ಮವಾಗಿತ್ತು. ಸ್ಟಾಕ್‌ಹೋಮಿನ ಲೆಕ್ಸೆಲ್ 1951ರಲ್ಲಿ ಮೆದುಳಿಗಾಗಿ ಕಲ್ಪಿಸಿದ ಗುರಿಗಾರಿಕೆಯನ್ನು ಅದೇ ಪಟ್ಟಣದವರು 1990ರ ದಶಕದಲ್ಲಿ ಉಳಿದ ಶರೀರಕ್ಕೂ ಅಳವಡಿಸಿದರು. ಒಂದೆಡೆ ನಿಂತ ರೋಗಕ್ಕೂ ಎಲ್ಲೆಡೆ ಹರಡಿದ ರೋಗಕ್ಕೂ ನಡುವೆ, ಕೆಲವೇ ಗಂಟುಗಳ ಒಂದು ಅವಸ್ಥೆ ಉಂಟೆಂದು ಶಿಕಾಗೋದ ಹೆಲ್‌ಮನ್ ಮತ್ತು ವೈಕ್ಸೆಲ್‌ಬಾಮ್ 1995ರಲ್ಲಿ ಪ್ರತಿಪಾದಿಸಿದರು. ಆದರೂ, ದೂರಕ್ಕೆ ಹರಡದ ರೋಗದಲ್ಲಿಯೇ ಔಷಧದ ತರುವಾಯ ಸಾಮಾನ್ಯ ಕಿರಣವನ್ನು ಕೊಟ್ಟರೆ ಆಯುಸ್ಸು ಹೆಚ್ಚದೆಂದು 2016ರಲ್ಲಿ ತಿಳಿದುಬಂದಾಗ ಅನೇಕರು ಎದೆಗುಂದಿದರು.

2024ರಲ್ಲಿ ಹ್ಯೂಸ್ಟನ್ನಿನ ಎಂ. ಡಿ. ಆಂಡರ್ಸನ್ ಕೇಂದ್ರದವರು, ಐದಕ್ಕೆ ಮೀರದ ಗಂಟುಗಳಿದ್ದ 40 ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ಔಷಧ ಮಾತ್ರ ಪಡೆದವರಲ್ಲಿ ರೋಗವು 2.5 ತಿಂಗಳಿಗೆ ಮುಂದುವರಿದರೆ, ಗಂಟುಗಳಿಗೆ ನೇರ ಚಿಕಿತ್ಸೆಯನ್ನೂ ಪಡೆದವರಲ್ಲಿ 10.3 ತಿಂಗಳು ತಡೆದಿತ್ತು. ಒಟ್ಟು ಆಯುಸ್ಸು ಬೆಳೆಯಿತೆಂದು ಈ ಚಿಕ್ಕ ಪರೀಕ್ಷೆಯು ಸಿದ್ಧಪಡಿಸಿಲ್ಲ. ಯಕೃತ್ತಿನ ತುಂಬ ಗಂಟುಗಳಿರುವವರು ಇದರ ಎಣಿಕೆಗೇ ಸೇರಿರಲಿಲ್ಲ.