ಬಂಗು, ಸಿಬ್ಬು, ತೊನ್ನು

ಅರಸೀಕೆರೆಯವರಾದ ನಮಗೆ ಜಾವಗಲ್ಲು, ಹಳೇಬೀಡು ಹಾದು ಬೇಲೂರಿಗೆ ಹೋಗುವುದೆಂದರೆ ನೆಂಟರ ಮನೆಗೆ ಹೋದಷ್ಟೇ ಸಲೀಸು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ದರ್ಪಣ ಸುಂದರಿ ಕನ್ನಡಿ ಹಿಡಿದು ಅದೇನು ಹುಡುಕುತ್ತಾಳೋ! ಬಳಪದ ಕಲ್ಲಿನ ಆ ಕೆನ್ನೆಯಲ್ಲಿ ಮೊಡವೆಯಿಲ್ಲ, ಬಂಗಿಲ್ಲ. ಹಳೇಬೀಡಿನ ಗೋಡೆಯ ಹೆಂಗಳೆಯರೂ ಹಾಗೆಯೇ. ಶಿಲ್ಪಿಗಳು ಬಳೆ, ಗೆಜ್ಜೆ, ಮುಡಿ ಒಂದನ್ನೂ ಬಿಡದೆ ಕೆತ್ತಿದರು. ಮುಖದ ಚರ್ಮವನ್ನು ಮಾತ್ರ ನುಣ್ಣಗೆ ಮಾಡಿಬಿಟ್ಟರು.

ಚರ್ಮದ ಕಥೆ ಉಳಿದದ್ದು ಹೆಂಗಸರ ಮಾತಿನಲ್ಲಿ. ನಮ್ಮ ಅಜ್ಜಿಯಂಥವರಿಗೆ ಹರೆಯದ ಮೊಡವೆ ಬೇರೆ, ಬಸುರಿಯ ಕೆನ್ನೆಗೆ ಕವಿಯುವ ಕಂದು ಬಂಗು ಬೇರೆ, ಕೆರೆದರೆ ಸಣ್ಣ ಹೊಟ್ಟು ಉದುರುವ ಸಿಬ್ಬು ಬೇರೆ. ಸುಶ್ರುತ ಸಂಹಿತೆಯೂ ಹೀಗೆಯೇ ವಿಂಗಡಿಸುತ್ತದೆ. ಅದು ಹರೆಯದವರ ಮೊಡವೆಯನ್ನು ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಬಂಗನ್ನು ಹೋಲುವ, ನೋವಿಲ್ಲದ ಕಪ್ಪು ಮಚ್ಚೆಗೆ 'ವ್ಯಂಗ' ಎಂಬ ಹೆಸರು. ಕಾರಣ ಕೋಪ ಮತ್ತು ದಣಿವಂತೆ. ಒಲೆಯ ಮುಂದೆ ಬೆಂದವರಿಗೆ ಎರಡಕ್ಕೂ ಕೊರತೆಯಿರಲಿಲ್ಲ ಬಿಡಿ! ಇಂದಿನ ವೈದ್ಯರು ಬಿಸಿಲನ್ನೂ ಬಸುರಿನಲ್ಲಿ ಏರುಪೇರಾಗುವ ಹಾರ್ಮೋನುಗಳನ್ನೂ ಹೆಸರಿಸುತ್ತಾರೆ.

ಇಷ್ಟೆಲ್ಲ ವಿವೇಕವಿದ್ದ ನಮ್ಮ ಜನ ಎಡವಿದ್ದು ತೊನ್ನಿನ ವಿಷಯದಲ್ಲಿ. ನಮ್ಮ ಬೀದಿಯ ಹುಡುಗಿಯೊಬ್ಬಳ ತುಟಿಯಂಚಿನಲ್ಲಿ ಬಿಳಿ ಚುಕ್ಕೆ ಕಾಣಿಸಿತು. 'ಬಿಳಿ ಕುಷ್ಠವಂತೆ' ಎಂದು ಗಂಡಿನವರು ನಿಶ್ಚಿತಾರ್ಥ ಮುರಿದರು. ಎರಡು ವರ್ಷದ ಮೇಲೆ ಅವಳ ತಂಗಿಗೆ ಬಂದ ಸಂಬಂಧವೂ ಅದೇ ಮಾತಿಗೆ ತಪ್ಪಿತು. ತಂಗಿಯ ಮುಖದಲ್ಲಿ ಚುಕ್ಕೆಯೇ ಇರಲಿಲ್ಲ.

ಈ ಗೊಂದಲಕ್ಕೆ ಹಳೆಯ ಬೇರಿದೆ. ಆಯುರ್ವೇದದಲ್ಲಿ 'ಕುಷ್ಠ' ಎಂಬುದು ಒಂದೇ ರೋಗದ ಹೆಸರಲ್ಲ. 18 ಬಗೆಯ ಚರ್ಮರೋಗಗಳಿಗೆ ಅದು ಹೊದಿಕೆ. ಚರಕ ಸಂಹಿತೆ ತೊನ್ನನ್ನು, ಅಂದರೆ ಶ್ವಿತ್ರವನ್ನು, ಕುಷ್ಠದ ಅಧ್ಯಾಯದಲ್ಲೇ ಹೇಳುತ್ತದೆ. ಬರಬರುತ್ತ ಜನರ ಬಾಯಲ್ಲಿ ಕುಷ್ಠ ಎಂದರೆ ಬೆರಳು ಸವೆಸುವ ಆ ಒಂದೇ ಕಾಯಿಲೆಯಾಯಿತು. ಹೆಸರಿನ ಅರ್ಥ ಕಿರಿದಾದರೂ ಅದರ ನೆರಳು ತೊನ್ನಿನ ಮೇಲೆ ಹಾಗೇ ಉಳಿಯಿತು.

ನಿಜಕ್ಕೂ ಇವೆರಡಕ್ಕೂ ನಂಟಿಲ್ಲ. ಕುಷ್ಠ ಬರುವುದು ರೋಗಾಣುವಿನಿಂದ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಅದನ್ನು ಗುರುತಿಸಿದ. ತೊನ್ನಿನಲ್ಲಿ ಬಣ್ಣ ಕೊಡುವ ಜೀವಕೋಶಗಳು ನಾಶವಾಗುತ್ತವೆ, ಅಷ್ಟೆ, ಮುಟ್ಟಿದರೆ ಅಂಟದು. ತೊನ್ನಿನ ಮಚ್ಚೆ ಹಾಲಿನಂತೆ ಬಿಳುಪು, ಹತ್ತಿಯ ಎಳೆ ಸೋಕಿಸಿದರೆ ತಿಳಿಯುತ್ತದೆ. ಕುಷ್ಠದ ಮಚ್ಚೆ ಮಾಸಲು ಅಥವಾ ಕೆಂಪು, ಸಾಮಾನ್ಯವಾಗಿ ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಮುಖದ ಮಚ್ಚೆಯಲ್ಲಿ ಈ ಪರೀಕ್ಷೆ ಒಮ್ಮೊಮ್ಮೆ ಮೋಸ ಮಾಡುತ್ತದೆ, ಆದ್ದರಿಂದ ವೈದ್ಯರಿಗೆ ತೋರಿಸುವುದೇ ಸರಿ. ಕುಷ್ಠವೇ ಆದರೂ ಹೆದರಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾತ್ರೆಗಳಿಂದ ಅದು ವಾಸಿಯಾಗುತ್ತದೆ.

ಕಾನೂನಿಗೂ ಇದು ತಿಳಿಯಲು ಬಹಳ ಕಾಲ ಹಿಡಿಯಿತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕುಷ್ಠವೂ ಒಂದು ಕಾರಣವಾಗಿತ್ತು; ಅದನ್ನು ತೆಗೆದುಹಾಕಿದ್ದು 2019ರಲ್ಲಿ. ತೊನ್ನಿನ ಹೆಸರು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಆದರೆ ಹೆಣ್ಣು ನೋಡಲು ಬಂದವರು ಕಾಯ್ದೆ ಓದಿಕೊಂಡು ಬರುತ್ತಾರೆಯೇ? ನಮ್ಮ ಬೀದಿಯ ಆ ಹುಡುಗಿ ಆಮೇಲೆ ಟೀಚರಾದಳು, ಮದುವೆಯಾಗಲಿಲ್ಲ. ತುಟಿಯಂಚಿನ ಚುಕ್ಕೆ ಕೊನೆಯವರೆಗೂ ಒಂದು ಸಾಸಿವೆಯಷ್ಟೂ ದೊಡ್ಡದಾಗಲಿಲ್ಲ.