ಟವೆಲ್ ಕೆಳಗಿನ ಬೆರಳು, ರಿಮೋಟ್ ಮೇಲಿನ ಹೆಬ್ಬೆರಳು

ಮಾಗಡಿ ರಂಗನಾಥಸ್ವಾಮಿ ದನದ ಜಾತ್ರೆಗೆ ಹೋದವರು ನೋಡಿರುತ್ತೀರಿ. ಇಬ್ಬರು ಕೈ ಕೈ ಹಿಡಿದು ನಿಂತಿರುತ್ತಾರೆ, ಮೇಲೊಂದು ಟವೆಲ್. ಬಾಯಲ್ಲಿ ಮಳೆ-ಬೆಳೆ ಮಾತು, ಟವೆಲ್ ಒಳಗೆ ಜೋಡೆತ್ತಿನ ರೇಟು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಹಿಡಿದರೆ ಐದು. ನೂರೋ ಸಾವಿರವೋ ಅನ್ನೋದು ದನ ನೋಡಿದರೇ ಗೊತ್ತಾಗುತ್ತೆ. ಸುತ್ತ ಹತ್ತು ಜನ ಇದ್ದರೂ ಬೆಲೆ ಆ ಇಬ್ಬರಿಗಷ್ಟೇ ಗೊತ್ತು.

ನೋಡದೆ, ಬರೀ ಮುಟ್ಟಿ ನಡೆಸುವ ಈ ಭಾಷೆಯನ್ನು ಟಿವಿ ರಿಮೋಟ್ ವಿನ್ಯಾಸ ಮಾಡುವವರು ಒಮ್ಮೆ ಬಂದು ನೋಡಬೇಕಿತ್ತು.

ರಿಮೋಟಿನ ಕತೆ ಶುರುವಾಗೋದು ಅಮೆರಿಕದ ಜೆನಿತ್ ಕಂಪನಿಯಿಂದ. 1950ರ ‘ಲೇಜಿ ಬೋನ್ಸ್’ಗೆ ವೈರ್ ಇತ್ತು, ಜನ ಎಡವುತ್ತಿದ್ದರು. 1955ರಲ್ಲಿ ಯೂಜೀನ್ ಪಾಲಿ ಮಾಡಿದ ‘ಫ್ಲ್ಯಾಶ್‌ಮ್ಯಾಟಿಕ್’ ಟಾರ್ಚಿನಂತೆ ಬೆಳಕು ಬಿಡುತ್ತಿತ್ತು; ಬಿಸಿಲು ಬಿದ್ದರೂ ಚಾನೆಲ್ ಬದಲಾಗುವ ಫಜೀತಿ. ಮರುವರ್ಷ ಬಂತು ರಾಬರ್ಟ್ ಆಡ್ಲರ್ ಅವರ ‘ಸ್ಪೇಸ್ ಕಮಾಂಡ್’. ಬಟನ್ ಒತ್ತಿದರೆ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು, ನಮ್ಮ ಕಿವಿಗೆ ಕೇಳದ ಶಬ್ದ ಹೊರಡುತ್ತಿತ್ತು. ಬ್ಯಾಟರಿಯೇ ಬೇಡ!

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಆಗ ಬೆಂಗಳೂರು ಜಿಲ್ಲೆಯವೇ. ಟಿವಿಗೆ ತಿರುಗಿಸುವ ನಾಬು, ಮನೆಯ ಚಿಕ್ಕ ಹುಡುಗನೇ ರಿಮೋಟು (ಮೇಲೆ ಹತ್ತಿ ಆಂಟೆನಾ ತಿರುಗಿಸೋನೂ ಅವನೇ). ಆಮೇಲೆ ಕೇಬಲ್ಲಿನ ಜೊತೆಗೆ ಮನೆಮನೆಗೆ ಬಟನ್ ರಿಮೋಟ್ ಬಂತು. ಅಂಕಿಗಳು ಸವೆದು ಹೋದರೂ ಅಜ್ಜಿಯ ಹೆಬ್ಬೆರಳಿಗೆ ಧಾರಾವಾಹಿಯ ಜಾಗ ಗೊತ್ತಿತ್ತು.

2015ರಲ್ಲಿ ಆಪಲ್ ಟಿವಿ ರಿಮೋಟಿನ ಮೇಲ್ಭಾಗ ಬರೀ ನುಣುಪು ಗಾಜಾಯಿತು. ಒತ್ತಬೇಡಿ, ಸವರಿ ಅಂದರು. ಫೋನಿನಲ್ಲಿ ಸವರುವುದು ಸುಲಭ, ಬೆರಳು ಚಿತ್ರದ ಮೇಲೇ ಇರುತ್ತೆ. ರಿಮೋಟಿನಲ್ಲಿ ಬೆರಳು ಇಲ್ಲಿ, ಚಿತ್ರ ಹತ್ತು ಅಡಿ ದೂರ. ಎಷ್ಟು ಸವರಿದರೆ ಒಂದು ಹೆಜ್ಜೆ? ಎಷ್ಟು ವೇಗಕ್ಕೆ ಐದು ಹೆಜ್ಜೆ? ‘ಕಸ್ತೂರಿ ನಿವಾಸ’ ಹುಡುಕೋಕೆ ಸಾಲಾಗಿ ನಿಂತ ಇಂಗ್ಲಿಷ್ ಅಕ್ಷರಗಳಲ್ಲಿ ‘ಕೆ’ ಮೇಲೆ ನಿಲ್ಲಿಸಬೇಕು, ಅದು ಜಾರಿ ‘ಎನ್’ಗೆ ಹೋಗಿರುತ್ತೆ. ಮೇಲೆ ಕೆಳಗೆ ಎರಡೂ ತುದಿ ಒಂದೇ ಥರ, ಕತ್ತಲಲ್ಲಿ ತಲೆಕೆಳಗಾಗಿ ಹಿಡಿಯುವವರೇ ಹೆಚ್ಚು. ಚನ್ನಪಟ್ಟಣದ ಮರದ ಗಿಲಕಿ ಕೊಡಿ, ಕಣ್ಣು ಮುಚ್ಚಿದ್ದರೂ ಹಿಡಿ ಯಾವುದು, ತಲೆ ಯಾವುದು ಅಂತ ಕೈಗೇ ತಿಳಿಯುತ್ತೆ.

ಆದರೆ ಟವೆಲ್ ವ್ಯಾಪಾರವನ್ನು ನಾನು ಸುಮ್ಮನೆ ಹೊಗಳುತ್ತಿಲ್ಲ. ಬಟನ್ ಮೇಲೆ ಬರಹ ಇರುತ್ತೆ, ಬೆರಳ ಸನ್ನೆಯ ಮೇಲೆ ಏನೂ ಬರೆದಿರಲ್ಲ. ಯಾರಾದರೂ ಕಲಿಸಬೇಕು. ಸನ್ನೆ ತಿಳಿಯದ ರೈತ ದಲ್ಲಾಳಿಯನ್ನೇ ನಂಬಬೇಕಿತ್ತು. ಬೆಲೆ ಎಲ್ಲಿಗೆ ಬಂತು, ತನಗೆ ಹೇಳಿದ್ದೆಷ್ಟು ಅನ್ನೋ ಲೆಕ್ಕ ದಲ್ಲಾಳಿಯ ಕೈಯಲ್ಲಿ. ಸವರುವ ರಿಮೋಟು ಅಜ್ಜಿಯನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿತು. ತನ್ನ ಮನೆಯ ಟಿವಿಯಲ್ಲಿ ತನಗೆ ಬೇಕಾದ್ದು ಹಾಕೋಕೆ ಮೊಮ್ಮಗ ಬರಬೇಕು.

ಕೆಲ ವರ್ಷಗಳ ಬಳಿಕ ಒಂದು ಬಟನ್ನಿನ ಸುತ್ತ ಬಿಳಿ ಉಂಗುರ ಬಂತು, ತಲೆ ಯಾವ ಕಡೆ ಅಂತ ಗೊತ್ತಾಗಲಿ ಅಂತ. 2021ರಲ್ಲಿ ಒತ್ತಬಹುದಾದ ದುಂಡನೆಯ ಬಳೆಯೇ ವಾಪಸ್ಸು ಬಂತು: ಮೇಲೆ, ಕೆಳಗೆ, ಎಡ, ಬಲ. ಸವರುವುದೂ ಉಳಿದಿದೆ, ಬೇಡದವರು ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಬಹುದು. ಆ ಸೆಟ್ಟಿಂಗ್ ಹುಡುಕಿ ಕೊಡೋಕೂ ಸದ್ಯಕ್ಕೆ ಮೊಮ್ಮಗನೇ ಬೇಕು.